ಊರಿಗೊಂದೇ ಒಲೆ, ಊದುವವರು ನೂರು ಮಂದಿ

ಒಂದು ಕಟಿಂಗ್ ಪ್ಲೇಯರ್‌ಗೆ 320 ಡಾಲರ್. ಆಗಿನ ದರದಲ್ಲಿ ಹೆಚ್ಚುಕಡಿಮೆ ಇಪ್ಪತ್ತು ಸಾವಿರ ರೂಪಾಯಿ. ಇಷ್ಟು ದುಡ್ಡು ಹಿಡಿದು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೆ ಅಂಗಡಿಯವರು ಗೋಣಿಚೀಲದ ತುಂಬ ಪ್ಲೇಯರ್ ತುಂಬಿಸಿ, ಕಾಫಿ ಕುಡಿಸಿ, ಆಟೋ ಹತ್ತಿಸಿ ಕಳಿಸುತ್ತಾರೆ. ಕಿರ್ಗಿಸ್ತಾನದ ರಾಜಧಾನಿ ಬಿಷ್ಕೆಕ್‌ನಲ್ಲಿ, ಊರಿಗೆಲ್ಲ ಬಿಸಿನೀರು ಕಳಿಸುವ ಸ್ಥಾವರದ ನವೀಕರಣದ ಲೆಕ್ಕಪಟ್ಟಿಯಲ್ಲಿ ಅಷ್ಟಕ್ಕೆ ಒಂದೇ ಒಂದು ಬಂತು. ಬೆಂಕಿ ಆರಿಸುವ ಸಿಲಿಂಡರ್ ಒಂದಕ್ಕೆ 1,600 ಡಾಲರ್. ಇಡೀ ಕಾಮಗಾರಿಗೆ ಚೀನಾದಿಂದ ತಂದ ಸಾಲ 38.6 ಕೋಟಿ ಡಾಲರ್. 2017ರ ಆಗಸ್ಟ್‌ನಲ್ಲಿ ಉದ್ಘಾಟನೆ, ಭಾಷಣ, ಫೋಟೊ ಎಲ್ಲ ಆಯಿತು. ಐದು ತಿಂಗಳು ಕಳೆದು 2018ರ ಜನವರಿ 26ರಂದು, ಹೊರಗೆ ಮೈನಸ್ ಇಪ್ಪತ್ತೈದರ ಆಸುಪಾಸಿನ ಚಳಿ ಕೊರೆಯುತ್ತಿರುವಾಗ, ಸ್ಥಾವರ ಕೈಕೊಟ್ಟಿತು.

ನಮ್ಮ ಕಡೆಯಿಂದ ಎಂಬಿಬಿಎಸ್ ಓದಲು ಬಿಷ್ಕೆಕ್‌ಗೆ ಹೋಗುವ ಹುಡುಗರಿದ್ದಾರೆ. ಅಂಥ ರಾತ್ರಿ ಒಬ್ಬ ಹುಡುಗ ಊರಿಗೆ ಫೋನ್ ಮಾಡಿ ‘ಅಮ್ಮಾ, ಹಾಸ್ಟೆಲಿನ ರೇಡಿಯೇಟರ್ ತಣ್ಣಗಾಗಿದೆ’ ಅಂದರೆ ಅವಳು ಏನು ಹೇಳಿಯಾಳು? ‘ಇನ್ನೊಂದು ಸ್ವೆಟರ್ ಹಾಕ್ಕೊಳ್ಳೋ’ ಅಂದಾಳು. ಪಾಪ, ಆ ತಾಯಿಗೆ ಗೊತ್ತಿಲ್ಲ, ಅವಳು ಹೇಳಿದ್ದು ಒಂದು ಕಾಲಕ್ಕೆ ಒಂದು ದೇಶದ ಅಧಿಕೃತ ಇಂಧನ ನೀತಿಯಾಗಿತ್ತು. ರುಮೇನಿಯಾದ ಸರ್ವಾಧಿಕಾರಿ ಚೌಷೆಸ್ಕು 1980ರ ದಶಕದಲ್ಲಿ ವಿದೇಶಿ ಸಾಲ ತೀರಿಸುವ ಹಟಕ್ಕೆ ಬಿದ್ದು ಜನರ ಮನೆಯ ಶಾಖಕ್ಕೇ ಕತ್ತರಿ ಹಾಕಿದ. ಆಗ ಬುಖಾರೆಸ್ಟ್‌ನಲ್ಲಿ ಓಡಾಡುತ್ತಿದ್ದ ಜೋಕು: ‘ಕಿಟಕಿ ಮುಚ್ಚಿ ಮಾರಾಯ್ರೇ, ರಸ್ತೆಯಲ್ಲಿ ಹೋಗುವವರಿಗೆ ನೆಗಡಿಯಾದೀತು.’ 1989ರ ಏಪ್ರಿಲ್‌ನಲ್ಲಿ ಸಾಲವೆಲ್ಲ ತೀರಿತು ಎಂದು ಅವನು ಹೆಮ್ಮೆಯಿಂದ ಘೋಷಿಸಿದ. ಡಿಸೆಂಬರ್‌ನಲ್ಲಿ ಜನ ಅವನ ಲೆಕ್ಕವನ್ನೂ ತೀರಿಸಿದರು.

ನಮಗೆ ಚಳಿ ಅಂದರೆ ಧನುರ್ಮಾಸದ ನಸುಕಿನ ಸ್ನಾನ, ಬಚ್ಚಲ ಒಲೆ, ಹೆಚ್ಚೆಂದರೆ ಒಂದು ಗೀಸರ್. ಹಾಗಾಗಿ ಈ ಇಡೀ ವ್ಯವಹಾರ ಏನೆಂದು ಸ್ವಲ್ಪ ಬಿಡಿಸಿ ಹೇಳಬೇಕು. ವಿದ್ಯುತ್ ಸ್ಥಾವರದಲ್ಲಿ ಉರಿಸಿದ ಕಲ್ಲಿದ್ದಲಿನ ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಆಕಾಶಕ್ಕೆ ಹೋಗುತ್ತದೆ. ಅದನ್ನು ಹಾಗೆ ಬಿಡುವ ಬದಲು ನೀರು ಕಾಯಿಸಿ, ಪೈಪಿನಲ್ಲಿ ಮನೆಮನೆಗೆ ಕಳಿಸಿದರೆ ಒಂದೇ ಬೆಂಕಿಗೆ ದೀಪವೂ ಆಯಿತು, ಬೆಚ್ಚನೆಯ ಕೋಣೆಯೂ ಆಯಿತು. 1924ರ ನವೆಂಬರ್ 25ರಂದು ಲೆನಿನ್‌ಗ್ರಾದ್‌ನ ಫೊಂತಾಂಕಾ ದಂಡೆಯ 96ನೇ ನಂಬರಿನ ಮನೆಗೆ ಹೀಗೆ ವಿದ್ಯುತ್ ಸ್ಥಾವರದ ಬಿಸಿನೀರು ಹರಿಯಿತು. ಅಲ್ಲಿಂದ ಸೋವಿಯತ್ ನಾಡಿನಲ್ಲಿ ‘ಟೆಟ್ಸ್’ ಎಂಬ ಹೆಸರಿನ ಈ ಅವಳಿ ಸ್ಥಾವರ ಪ್ರತಿ ನಗರದ ಗುರುತಾಯಿತು. ಕಲ್ಪನೆ ಒಳ್ಳೆಯದೇ. ಡೆನ್ಮಾರ್ಕಿನವರು ಇದೇ ಕೆಲಸವನ್ನು ಇವತ್ತಿಗೂ ಯಾರ ನಿದ್ದೆಯನ್ನೂ ಕೆಡಿಸದೆ ಮಾಡುತ್ತಿದ್ದಾರೆ. ಅವರ ಮತ್ತು ಇವರ ನಡುವೆ ಇರುವ ವ್ಯತ್ಯಾಸ ಒಂದು ಸಣ್ಣ ವಾಲ್ವ್.

ಸೋವಿಯತ್ ಅಪಾರ್ಟ್‌ಮೆಂಟಿನ ರೇಡಿಯೇಟರ್‌ಗೆ ವಾಲ್ವ್ ಇರಲಿಲ್ಲ. ಮಹಡಿಯಿಂದ ಮಹಡಿಗೆ ಒಂದೇ ಪೈಪು. ನೀರು ಒಬ್ಬರ ಕೋಣೆಯ ರೇಡಿಯೇಟರ್ ಹೊಕ್ಕು ಹೊರಬಂದು ಇನ್ನೊಬ್ಬರ ಕೋಣೆಗೆ ಹೋಗುತ್ತದೆ. ಮೊದಲು ಸಿಕ್ಕವರಿಗೆ ಬೆವರು, ಕೊನೆಯಲ್ಲಿ ಸಿಕ್ಕವರಿಗೆ ಕಂಬಳಿ. ಸೆಕೆಯಾದರೆ ಏನು ಮಾಡುವುದು? ಕಿಟಕಿಯ ಮೇಲ್ತುದಿಯಲ್ಲಿ ‘ಫೋರ್ತೊಚ್ಕಾ’ ಎಂಬ ಪುಟ್ಟ ಕಿಂಡಿ ಇದೆ, ಅದನ್ನು ತೆಗೆಯುವುದು. ಹೊರಗೆ ಮೈನಸ್ ಇಪ್ಪತ್ತು, ಒಳಗೆ ಬನಿಯನ್ನು ತೊಟ್ಟ ಯಜಮಾನರು ಕಿಂಡಿ ತೆರೆದು ಸೈಬೀರಿಯಾವನ್ನು ಬೆಚ್ಚಗೆ ಮಾಡುತ್ತಿದ್ದರು. ಭೂಮಿ ಬಿಸಿಯಾಗುತ್ತಿದೆ ಎಂದು ವಿಶ್ವಸಂಸ್ಥೆ ಸಭೆ ಕರೆಯುವುದಕ್ಕೆ ಎಷ್ಟೋ ವರ್ಷ ಮೊದಲೇ ಅವರು ಆ ಕೆಲಸಕ್ಕೆ ನೇರವಾಗಿ ಕೈಹಾಕಿದ್ದರು.

ಹರಿಯುವ ನೀರಿಗೆ ದೊಣ್ಣೆನಾಯ್ಕನ ಅಪ್ಪಣೆ ಯಾಕೆ ಎಂದು ನಾವು ಕೇಳುತ್ತೇವೆ. ಅಲ್ಲಿ ಬೇಕು. ಹೊರಗಿನ ದಿನದ ಸರಾಸರಿ ಉಷ್ಣಾಂಶ ಸತತ ಐದು ದಿನ ಎಂಟು ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ನಗರಾಡಳಿತ ಆದೇಶ ಹೊರಡಿಸಿ ಶಾಖದ ಋತುವನ್ನು ಆರಂಭಿಸುತ್ತದೆ. ನಾಲ್ಕು ದಿನ ನಡುಗಿ, ಐದನೇ ದಿನ ಸೂರ್ಯ ಸ್ವಲ್ಪ ನಕ್ಕರೆ, ಲೆಕ್ಕ ಮತ್ತೆ ಮೊದಲಿಂದ. ಬೇಸಿಗೆ ಬಂತೋ, ಪೈಪು ಪರೀಕ್ಷೆಯ ನೆಪದಲ್ಲಿ ಸ್ನಾನದ ಬಿಸಿನೀರೂ ಬಂದ್. ಮಾಸ್ಕೋದಂಥ ಮಾಸ್ಕೋದಲ್ಲೂ ಪ್ರತಿ ಬೇಸಿಗೆ ಕೆಲವು ದಿನ ಜನ ಪಾತ್ರೆಯಲ್ಲಿ ನೀರು ಕಾಯಿಸಿ ಮಗ್ಗಿನಿಂದ ಸ್ನಾನ ಮಾಡುತ್ತಾರೆ. ಅಣುಬಾಂಬು, ಬಾಹ್ಯಾಕಾಶ ನಿಲ್ದಾಣ, ಮಗ್ಗಿನ ಸ್ನಾನ ಮೂರನ್ನೂ ಏಕಕಾಲಕ್ಕೆ ಉಳಿಸಿಕೊಂಡ ನಾಗರಿಕತೆ ಅದು.

ಬಿಲ್ಲು? ಅದು ಮನೆಯ ಚದರ ಮೀಟರ್ ಲೆಕ್ಕದಲ್ಲಿ. ಎಷ್ಟು ಶಾಖ ಬಂತು ಎಂದು ಯಾರೂ ಅಳೆಯುತ್ತಿರಲಿಲ್ಲ, ಅಳೆಯುವ ಮೀಟರೇ ಇರಲಿಲ್ಲ. ಬಿಲ್ ಕಟ್ಟದವನ ಶಾಖ ನಿಲ್ಲಿಸೋಣವೆಂದರೆ ಅವನ ಮೇಲೂ ಕೆಳಗೂ ಇರುವ ಪ್ರಾಮಾಣಿಕರನ್ನು ನಡುಗಿಸದೆ ಅದು ಆಗದು. ಹೀಗಾಗಿ ಕಟ್ಟಿದವರಿಗೂ ಕಟ್ಟದವರಿಗೂ ಒಂದೇ ಕಾವು. ವರ್ಗರಹಿತ ಸಮಾಜ ಬೇರೆಲ್ಲೂ ಬರದಿದ್ದರೂ ರೇಡಿಯೇಟರ್‌ನಲ್ಲಿ ಬಂದಿತ್ತು.

ಸ್ಥಾವರದಿಂದ ಹೊರಟ ಶಾಖದಲ್ಲಿ ಎಷ್ಟು ಮನೆ ತಲುಪುತ್ತದೆ ಎಂದು ತಿಳಿಯಲು ಎಂಜಿನಿಯರ್ ಆಗಬೇಕಿಲ್ಲ. ಹಿಮ ಬಿದ್ದ ಮರುದಿನ ಬೀದಿಗೆ ಇಳಿದರೆ ಸಾಕು. ಊರೆಲ್ಲ ಬಿಳಿ, ನಡುವೆ ಒಂದು ಹಸಿರು ಪಟ್ಟಿ. ಕೆಳಗೆ ಪೈಪು ಹೋಗಿದೆ ಎಂದರ್ಥ. ಅದರ ಮೇಲೆ ಹುಲ್ಲು ಚಿಗುರಿರುತ್ತದೆ, ಬೀದಿನಾಯಿಗಳು ಕಾಲು ಚಾಚಿ ಮಲಗಿರುತ್ತವೆ. ಎಷ್ಟೋ ಜಾಲಗಳಲ್ಲಿ ಐದರಲ್ಲಿ ಒಂದು ಪಾಲು, ಕೆಟ್ಟ ಕಡೆ ಅದಕ್ಕೂ ಹೆಚ್ಚು, ಹೀಗೆ ನೆಲಕ್ಕೆ ಹೋಗುತ್ತದೆ. ನಾಯಿಗಳ ಮಾತು ಬಿಡಿ. 1990ರ ದಶಕದಲ್ಲಿ ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರ್‌ನಲ್ಲಿ ಮನೆ ಕಳೆದುಕೊಂಡ ಮಕ್ಕಳು ಮ್ಯಾನ್‌ಹೋಲ್ ಮುಚ್ಚಳ ಸರಿಸಿ ಇಳಿದು ಬಿಸಿನೀರಿನ ಪೈಪುಗಳಿಗೆ ಆತುಕೊಂಡು ಚಳಿಗಾಲ ಕಳೆದರು. ಬುಖಾರೆಸ್ಟ್‌ನ ರೈಲು ನಿಲ್ದಾಣದ ಹತ್ತಿರದ ಸುರಂಗಗಳಲ್ಲೂ ಅದೇ. ಲೆಕ್ಕಪುಸ್ತಕದಲ್ಲಿ ‘ಜಾಲದ ನಷ್ಟ’ ಎಂದು ಬರೆದಿದ್ದ ಶಾಖ ಅದು. ಆ ಸರ್ಕಾರಗಳ ಇಡೀ ಸಮಾಜ ಕಲ್ಯಾಣ ಇಲಾಖೆಗಿಂತ ಆ ನಷ್ಟವೇ ಹೆಚ್ಚು ಮಕ್ಕಳನ್ನು ಬದುಕಿಸಿರಬೇಕು. ಈ ಒಂದು ವಾಕ್ಯದಲ್ಲಿ ವ್ಯಂಗ್ಯವಿಲ್ಲ.

1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು. ಕಾರ್ಖಾನೆಗಳನ್ನು ಕೊಳ್ಳಲು ಜನ ಮುಗಿಬಿದ್ದರು. ಕಾರ್ಖಾನೆಯ ಬಾಯ್ಲರ್‌ನಿಂದ ಬೆಚ್ಚಗಾಗುತ್ತಿದ್ದ ಊರನ್ನು ಕೊಳ್ಳಲು ಯಾರೂ ಬರಲಿಲ್ಲ. ತುಕ್ಕು ಹಿಡಿದ ಪೈಪುಗಳನ್ನು ಕೇಂದ್ರ ಸರ್ಕಾರಗಳು ‘ಅಧಿಕಾರ ವಿಕೇಂದ್ರೀಕರಣ’ ಎಂಬ ಮಂತ್ರ ಹೇಳಿ ಪುರಸಭೆಗಳ ಕೊರಳಿಗೆ ಕಟ್ಟಿದವು. ದುಡ್ಡು ಕಟ್ಟಲಿಲ್ಲ. ಸುಧಾರಣೆಯನ್ನು ಪರಿಪೂರ್ಣವಾಗಿ ಮುಗಿಸಿದ ದೇಶವೆಂದರೆ ಅರ್ಮೇನಿಯಾ: ಅಲ್ಲಿ ವ್ಯವಸ್ಥೆಯೇ ಉಳಿಯಲಿಲ್ಲ. ಭೂಕಂಪದ ನಂತರ 1989ರಲ್ಲಿ ಅಣುಸ್ಥಾವರ ಮುಚ್ಚಿತ್ತು, ಪಕ್ಕದ ದೇಶದ ಜೊತೆ ಯುದ್ಧ, ಗಡಿ ದಿಗ್ಬಂಧನ. ಯೆರೆವಾನ್‌ನಲ್ಲಿ ದಿನಕ್ಕೆ ಒಂದೆರಡು ತಾಸು ಕರೆಂಟು. ರೇಡಿಯೇಟರ್‌ಗಳು ಗೋಡೆಯ ಅಲಂಕಾರವಾದವು. ಜನ ತಗಡಿನ ಒಲೆ ತಂದು, ಹೊಗೆ ಕೊಳವೆಯನ್ನು ಕಿಟಕಿಯಿಂದ ಆಚೆ ಬಿಟ್ಟು, ಉದ್ಯಾನದ ಮರ, ನೆಲಕ್ಕೆ ಹಾಸಿದ್ದ ಹಲಗೆ, ಕಪಾಟಿನ ಪುಸ್ತಕ ಎಲ್ಲವನ್ನೂ ಉರಿಸಿದರು. ಸೋವಿಯತ್ ಕಾಲದ ದಪ್ಪ ಗ್ರಂಥಾವಳಿಗಳಿಂದ ಓದುಗರಿಗೆ ಅಷ್ಟು ಬೆಳಕು ಅದಕ್ಕೆ ಮೊದಲು ಸಿಕ್ಕಿರಲಿಲ್ಲ.

ರುಮೇನಿಯಾದ್ದು ಇನ್ನೊಂದು ದಾರಿ. ದುಡ್ಡಿದ್ದವರು ಗೋಡೆಗೊಂದು ಗ್ಯಾಸ್ ಬಾಯ್ಲರ್ ತೂಗುಹಾಕಿ ಊರ ಪೈಪಿನಿಂದ ಕಳಚಿಕೊಂಡರು. ಪೈಪು ಅಷ್ಟೇ ಉದ್ದ, ಸೋರಿಕೆ ಅಷ್ಟೇ, ಹಂಚಿಕೊಳ್ಳುವ ತಲೆಗಳು ಕಡಿಮೆ. ಉಳಿದವರ ಬಿಲ್ ಏರಿತು. ಏರಿದ್ದಕ್ಕೆ ಇನ್ನಷ್ಟು ಮಂದಿ ಕಳಚಿಕೊಂಡರು. ಮತ್ತೆ ಏರಿತು. 1989ರಲ್ಲಿ ಮುನ್ನೂರಕ್ಕೂ ಹೆಚ್ಚು ಊರುಗಳಲ್ಲಿದ್ದ ಸಾಮೂಹಿಕ ಶಾಖ ಮೂವತ್ತು ವರ್ಷದಲ್ಲಿ ಅರವತ್ತರ ಆಸುಪಾಸಿಗೆ ಇಳಿಯಿತು. ಬುಖಾರೆಸ್ಟ್‌ನ ಶಾಖ ಸಂಸ್ಥೆ ದಿವಾಳಿಯೆದ್ದು ಹೊಸ ಹೆಸರಿನಲ್ಲಿ ಹುಟ್ಟಿತು. ಪೈಪುಗಳಿಗೆ ಮಾತ್ರ ಪುನರ್ಜನ್ಮ ಸಿಗಲಿಲ್ಲ.

ಬಲ್ಗೇರಿಯಾದವರು ಕಳಚಿಕೊಳ್ಳುವವರ ಬುದ್ಧಿವಂತಿಕೆಗೆ ಮದ್ದು ಅರೆದರು. ರೇಡಿಯೇಟರ್ ಮುಚ್ಚಿದಿರೋ? ಸಂತೋಷ. ಆದರೆ ನಿಮ್ಮ ಗೋಡೆಯೊಳಗೆ ನೆರೆಯವರ ಬಿಸಿ ಪೈಪು ಹಾದುಹೋಗುತ್ತದಲ್ಲ, ಅದರ ಕಾವು ನಿಮಗೂ ತಾಗುತ್ತದಲ್ಲ, ಅದಕ್ಕೆ ಬಿಲ್ ಕಟ್ಟಿ. ಕೇಳದ ಶಾಖಕ್ಕೆ ಯಾಕೆ ದುಡ್ಡು ಎಂದು ನಿವಾಸಿಗಳು ಬಿಲ್ ಕಟ್ಟಲಿಲ್ಲ, ಶಾಖ ಕಂಪನಿಗಳು ಕೋರ್ಟಿಗೆ ಹೋದವು. ವ್ಯಾಜ್ಯ ಲಕ್ಸೆಂಬರ್ಗ್‌ನ ಐರೋಪ್ಯ ನ್ಯಾಯಾಲಯದವರೆಗೆ ಏರಿತು. 2019ರ ಡಿಸೆಂಬರ್ 5ರಂದು ನ್ಯಾಯಾಲಯ ಹೇಳಿದ್ದು: ಇಂಥ ಕಾನೂನು ಐರೋಪ್ಯ ಒಕ್ಕೂಟದ ನಿಯಮಗಳಿಗೆ ವಿರುದ್ಧವಲ್ಲ. ಗೋಡೆಗಳ ನಡುವೆ ಶಾಖ ಹರಿಯುತ್ತದೆ ಎಂಬ ಹೈಸ್ಕೂಲ್ ಪಾಠಕ್ಕೆ ಇಷ್ಟು ದೊಡ್ಡ ಪೀಠದ ಮುದ್ರೆ ಬಿದ್ದಿದ್ದು ಅಪರೂಪ. ಪಕ್ಕದ ಮನೆಯ ಒಗ್ಗರಣೆಯ ಘಮಕ್ಕೆ ದರಪಟ್ಟಿ ಇನ್ನೂ ಬಂದಿಲ್ಲ ಎಂಬುದೇ ಸಮಾಧಾನ.

ಈಗ ದರದ ವಿಷಯ. ಇಡೀ ನಾಟಕದ ಸೂತ್ರಧಾರ ಕೂತಿರುವುದು ಇಲ್ಲಿ. ಶಾಖ ಕಂಪನಿಯ ವೆಚ್ಚ ಎಷ್ಟೋ ಅಷ್ಟು, ಅದರ ಮೇಲೆ ಇಂತಿಷ್ಟು ಲಾಭ. ಇದು ಬಹುತೇಕ ಈ ಎಲ್ಲ ದೇಶಗಳೂ ಬಹಳ ಕಾಲ ನಂಬಿದ ಸೂತ್ರ. ಇದರ ಮಹಿಮೆ ತಿಳಿಯಲು ದರ ಆಯೋಗದ ಮುಂದೆ ನಿಂತ ಒಬ್ಬ ಎಂಜಿನಿಯರನ್ನು ಊಹಿಸಿಕೊಳ್ಳಿ.

‘ಸರ್, ಹಳೇ ಪೈಪು ತೆಗೆದು ಹೊಸದು ಹಾಕಿದ್ವಿ. ಇಂಧನ ಶೇಕಡಾ ಹತ್ತು ಉಳೀತು.’

‘ಭೇಷ್. ಹಾಗಾದ್ರೆ ನಿಮ್ಮ ಖರ್ಚು ಕಡಿಮೆ ಆಯ್ತು.’

‘ಹೌದು ಸರ್.’

‘ಬರೋ ವರ್ಷ ದರಾನೂ ಅಷ್ಟೇ ಕಡಿಮೆ ಮಾಡ್ತೀವಿ.’

‘ಪೈಪಿಗೆ ತಂದ ಸಾಲ ಸರ್?’

‘ಅದನ್ನ ನೀವು ಉಳಿತಾಯದಲ್ಲಿ ತೀರಿಸ್ಕೊಳ್ಳಿ.’

‘ಉಳಿತಾಯ ನೀವು ತಗೊಂಡ್ರಲ್ಲ ಸರ್.’

‘ನೆಕ್ಸ್ಟ್.’

ಪಕ್ಕದ ಊರಿನ ಎಂಜಿನಿಯರ್ ಜಾಣ. ಅವನ ಪೈಪು ಕಾರಂಜಿಯ ಹಾಗೆ ಚಿಮ್ಮುತ್ತದೆ. ಸೋರಿದ್ದೆಲ್ಲ ವೆಚ್ಚ, ವೆಚ್ಚದ ಮೇಲೆ ಲಾಭ. ಅವನಿಗೆ ಬಡ್ತಿ.

ಆಮೇಲೆ ವಿಶ್ವಬ್ಯಾಂಕಿನ ಸಲಹೆಗಾರರು ಸೂಟ್‌ಕೇಸ್ ಹಿಡಿದು ಬಂದರು. ಮೀಟರ್ ಹಾಕಿ ಅಂದರು. ಕಟ್ಟಡದ ನೆಲಮಾಳಿಗೆಯಲ್ಲಿ ಮೀಟರ್ ಹಾಕಿ ನೋಡಿದರೆ, ಈ ತನಕ ‘ನಿಯಮಾನುಸಾರ ಬಳಕೆ’ ಎಂದು ಯಾರ ತಲೆಗೆ ಕಟ್ಟುತ್ತಿದ್ದರೋ ಆ ಜನರು ಅಷ್ಟು ಬಳಸುತ್ತಲೇ ಇರಲಿಲ್ಲ. ಮಿಕ್ಕಿದ್ದು ದಾರಿಯಲ್ಲೇ ನೆಲ ಸೇರುತ್ತಿತ್ತು. ಕಾಗದದಲ್ಲಿ ಮಾತ್ರ ಅಜ್ಜಿಯರ ಕೋಣೆ ಸೇರುತ್ತಿತ್ತು. ಮೀಟರ್ ಬಂದ ವರ್ಷ ನಷ್ಟ ‘ಹೆಚ್ಚಾಯಿತು’. ಇದನ್ನು ಓದಿ ಕರ್ನಾಟಕದ ಓದುಗರು ನಗುವ ಮೊದಲು ನಮ್ಮ ನೀರಾವರಿ ಪಂಪ್‌ಸೆಟ್ಟುಗಳನ್ನು ನೆನೆಯಬೇಕು. ಮೀಟರಿಲ್ಲದ ಪಂಪ್‌ಸೆಟ್ಟು ಎಷ್ಟು ಕರೆಂಟು ಕುಡಿಯಿತು ಎಂದು ಅಂದಾಜು ಬರೆಯುವವರು ಎಸ್ಕಾಂನವರೇ. ಸೋರಿದ್ದು, ಕದ್ದದ್ದು, ಮರೆತದ್ದು ಎಲ್ಲವನ್ನೂ ರೈತನ ಹೆಸರಿಗೆ ಬರೆದರೆ ಕೇಳುವವರಾರು? ಬೋರ್‌ವೆಲ್ ಬತ್ತಿ ವರ್ಷವಾದರೂ ಕಡತದಲ್ಲಿ ಮೋಟರು ಓಡುತ್ತಿರಬಹುದು.

ದರ ಏರಿಸದೆ ಪೈಪು ಬದಲಿಸಲಾಗದು, ಏರಿಸಿದರೆ ಕುರ್ಚಿ ಉಳಿಯದು. ಚಳಿಗಾಲದ ಬಿಲ್ಲು ಅಲ್ಲಿನ ರಾಜಕಾರಣದಲ್ಲಿ ನಮ್ಮ ಈರುಳ್ಳಿ ಬೆಲೆಯ ಅಣ್ಣ. 2013ರ ಫೆಬ್ರುವರಿಯಲ್ಲಿ ಬಲ್ಗೇರಿಯಾದ ಜನ ವಿದ್ಯುತ್ ಬಿಲ್ಲುಗಳನ್ನು ಬೀದಿಯಲ್ಲಿ ಸುಟ್ಟರು, 20ನೇ ತಾರೀಕು ಪ್ರಧಾನಿ ಬೊಯ್ಕೊ ಬೊರಿಸೊವ್ ರಾಜೀನಾಮೆ ಕೊಟ್ಟರು. ಕಜಾಕ್‌ಸ್ತಾನದಲ್ಲಿ 2022ರ ಜನವರಿಯ ದಂಗೆ ಹೊತ್ತಿಕೊಂಡದ್ದು ವಾಹನಕ್ಕೆ ಹಾಕುವ ಗ್ಯಾಸಿನ ಬೆಲೆಯಿಂದ. ಇದನ್ನೆಲ್ಲ ನೋಡಿದ ಯಾವ ಮೇಯರ್ ಅಕ್ಟೋಬರ್‌ನಲ್ಲಿ ದರ ಏರಿಸುತ್ತಾನೆ? ಉಕ್ರೇನ್ 2014ರ ನಂತರ ಐಎಂಎಫ್ ಮಾತು ಕೇಳಿ ಏರಿಸಿತು. ಏರಿಸಿದ ಕೈಯಲ್ಲೇ ಸಹಾಯಧನದ ಅರ್ಜಿ ನಮೂನೆಯನ್ನೂ ಹಂಚಿತು. ಒಂದು ಹಂತದಲ್ಲಿ ಹತ್ತರಲ್ಲಿ ನಾಲ್ಕಕ್ಕೂ ಹೆಚ್ಚು ಮನೆಗಳು ಸಹಾಯಧನದ ಸಾಲಿನಲ್ಲಿ ನಿಂತಿದ್ದವು. ಬಲಗಡೆ ಜೇಬಿನಿಂದ ತೆಗೆದು ಎಡಗಡೆ ಜೇಬಿಗೆ ಹಾಕುವಾಗ ನಡುವೆ ಬಿದ್ದ ಚಿಲ್ಲರೆಯನ್ನು ಆರಿಸಿಕೊಳ್ಳಲು ಎಷ್ಟು ಮಂದಿ ಕಾದಿದ್ದರೋ.

ಪೈಪಿಗೆ ರಾಜಕಾರಣ ಅರ್ಥವಾಗುವುದಿಲ್ಲ, ಅದು ಒಡೆಯುತ್ತದೆ. ಏಕಿಬಾಸ್ತುಜ್ ಎಂಬ ಊರನ್ನು ನೋಡಿ. ಕಜಾಕ್‌ಸ್ತಾನದ ಈ ಊರಿನ ಬಗಲಲ್ಲೇ ಜಗತ್ತಿನ ದೊಡ್ಡ ತೆರೆದ ಕಲ್ಲಿದ್ದಲು ಗಣಿಗಳಲ್ಲೊಂದಿದೆ. ಸಮೀಪದ ವಿದ್ಯುತ್ ಸ್ಥಾವರವೊಂದರಲ್ಲಿ ಸುಮಾರು 420 ಮೀಟರ್ ಎತ್ತರದ ಚಿಮಣಿ, ಲೋಕದಲ್ಲೇ ಅತಿ ಎತ್ತರದ್ದು. 2022ರ ನವೆಂಬರ್ 27ರಂದು ಈ ಕಲ್ಲಿದ್ದಲಿನ ರಾಜಧಾನಿ ಹೆಪ್ಪುಗಟ್ಟಿತು. ಮೈನಸ್ ಮೂವತ್ತರ ಸಮೀಪದ ಚಳಿ, ಒಡೆದ ಪೈಪು, ಮೆಟ್ಟಿಲ ಮೇಲೆ ಹರಿದ ನೀರು ಅಲ್ಲೇ ಗಾಜಾಯಿತು. ಕಲ್ಲಿದ್ದಲಿತ್ತು, ಚಿಮಣಿಯಿತ್ತು, ಖಾಸಗಿ ಮಾಲೀಕರಿದ್ದರು, ನಿಯಂತ್ರಣ ಸಮಿತಿಯಿತ್ತು. ಪ್ರಾಂತದ ರಾಜ್ಯಪಾಲರನ್ನು ಅಧ್ಯಕ್ಷ ತೊಕಾಯೆವ್ ಕಿತ್ತುಹಾಕಿದರು. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವುದರಲ್ಲಿ ಅಲ್ಲಿನ ಆಡಳಿತವೂ ಹಿಂದೆ ಬಿದ್ದಿಲ್ಲ. ಆಮೇಲೆ ದೇಶದ ಟೆಟ್ಸ್‌ಗಳನ್ನು ಕೆಂಪು, ಹಳದಿ, ಹಸಿರು ವಲಯಗಳಾಗಿ ವಿಂಗಡಿಸಿದರು. ಬಣ್ಣ ಹಚ್ಚುವ ಕೆಲಸಕ್ಕೆ ಟೆಂಡರ್ ಬೇಕಿಲ್ಲ, ಬೇಗ ಮುಗಿಯುತ್ತದೆ.

ಮಾಸ್ಕೋದ ಮಗ್ಗುಲಲ್ಲೇ ಇರುವ ಕ್ಲಿಮೊವ್‌ಸ್ಕ್‌ನದು ಇನ್ನೂ ಸೊಗಸು. ಅಲ್ಲಿ ಸಾವಿರಾರು ಮನೆಗಳಿಗೆ ಶಾಖ ಬರುತ್ತಿದ್ದುದು ಒಂದು ಬಂದೂಕಿನ ಗುಂಡಿನ ಕಾರ್ಖಾನೆಯ ಬಾಯ್ಲರ್‌ನಿಂದ. ಕಾರ್ಖಾನೆ ಖಾಸಗಿಯವರದು. 2024ರ ಜನವರಿ ಮೊದಲ ವಾರ, ಹೊಸ ವರ್ಷದ ರಜೆ, ಹೊರಗೆ ಮೈನಸ್ ಇಪ್ಪತ್ತಕ್ಕಿಂತ ಕೆಳಗೆ, ಬಾಯ್ಲರ್ ಕೆಟ್ಟಿತು. ಯುದ್ಧ ನಡೆಸುತ್ತಿರುವ ದೇಶದಲ್ಲಿ ಗುಂಡಿನ ಕಾರ್ಖಾನೆಯವರು ಊರಿನ ಅಜ್ಜಿಯರ ರೇಡಿಯೇಟರ್‌ಗೆ ಎಷ್ಟು ಗಮನ ಕೊಡಬಲ್ಲರು ಎಂಬ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾವ ಕಡತವೂ ಕೇಳಿರಲಿಲ್ಲ. ಪುಟಿನ್ ಅಪ್ಪಣೆಯಾಯಿತು, ಕಾರ್ಖಾನೆ ರಾಷ್ಟ್ರೀಕರಣವಾಯಿತು. 1991ರಿಂದ ಸುತ್ತಿ ಬಂದ ಸುಧಾರಣೆ ಹೊರಟ ಬಾಗಿಲಿಗೇ ಬಂದು ನಿಂತಿತು.

ಎಲ್ಲ ಕಡೆಯೂ ಹೀಗೇ ಎಂದರೆ ಸುಳ್ಳಾಗುತ್ತದೆ. ಪೋಲೆಂಡ್ 1991ರಲ್ಲೇ ವಿಶ್ವಬ್ಯಾಂಕಿನ ಸಾಲ ತಂದು ವಾರ್ಸಾ, ಕ್ರಾಕೋವ್, ಗ್ದಾನ್ಸ್ಕ್‌ಗಳಲ್ಲಿ ನೆಲಮಾಳಿಗೆಗೊಂದು ಮೀಟರ್, ರೇಡಿಯೇಟರ್‌ಗೊಂದು ವಾಲ್ವ್, ನೆಲದಡಿ ಹೊಸ ಪೈಪು ಹಾಕುತ್ತ ಹೋಯಿತು. ಸಹಾಯಧನವನ್ನು ವರ್ಷ ವರ್ಷ ಸ್ವಲ್ಪಸ್ವಲ್ಪವೇ ಇಳಿಸಿ ದಶಕ ಮುಗಿಯುವ ಹೊತ್ತಿಗೆ ನಿಲ್ಲಿಸಿತು. ಲಿಥುವೇನಿಯಾ ರಷ್ಯದ ಗ್ಯಾಸಿಗೆ ದುಬಾರಿ ಬೆಲೆ ತೆತ್ತು ಸಾಕಾಗಿ ಮರದ ಚೂರು ಉರಿಸಲು ಕಲಿತು, ಆ ಚೂರನ್ನು ಕೊಳ್ಳಲು ಮಾರಲು ಒಂದು ಪೇಟೆಯನ್ನೇ ಕಟ್ಟಿತು. ಈಗ ಅಲ್ಲಿನ ಸಾಮೂಹಿಕ ಶಾಖದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಅದರದೇ. ಇಂಥ ದೇಶಗಳ ಬಗ್ಗೆ ಬರೆಯಲು ಏನೂ ಇರುವುದಿಲ್ಲ. ನೆಲಮಾಳಿಗೆಯ ವಾಲ್ವ್ ಉದ್ಘಾಟಿಸಲು ಯಾವ ಸಚಿವರೂ ಬರುವುದಿಲ್ಲ, ಅಲ್ಲಿ ಕಟೌಟ್ ನಿಲ್ಲಿಸಲು ಎತ್ತರವೂ ಸಾಲದು.

ರಷ್ಯದ ಕಡೆಗೇ ಮರಳೋಣ, ಯಾಕೆಂದರೆ ಈ ವಿದ್ಯೆಯ ಕೊನೆಯ ಪಾಠ ಬರೆದವರು ಅವರು. ವೆಚ್ಚದ ಮೇಲೆ ಲಾಭ ಎಂಬ ಸೂತ್ರ ಹಾಳೆಂದು ಅವರಿಗೂ ಗೊತ್ತಾಯಿತು. 2017ರಲ್ಲಿ ಕಾನೂನು ತಿದ್ದಿ ‘ಪರ್ಯಾಯ ಬಾಯ್ಲರ್’ ಎಂಬ ಪದ್ಧತಿ ತಂದರು. ಲೆಕ್ಕ ಹೀಗೆ: ನಿಮ್ಮ ಊರಲ್ಲಿ ಈಗ ಯಾರಾದರೂ ಹೊಚ್ಚ ಹೊಸ ಬಾಯ್ಲರ್ ಮನೆ ಕಟ್ಟಿ ಶಾಖ ಮಾರಿದರೆ ಎಷ್ಟಾಗಬಹುದೋ ಅದು ಬೆಲೆಯ ಮೇಲ್ಮಿತಿ. ಅದರೊಳಗೆ ನಿಮ್ಮ ಕಂಪನಿ ಎಷ್ಟು ಉಳಿಸಿದರೂ ಅದರದೇ. ಹೊಸ ಬಾಯ್ಲರ್ ಮನೆಯನ್ನು ಯಾರೂ ಕಟ್ಟುವುದಿಲ್ಲ, ಕಟ್ಟಬೇಕಾಗಿಯೂ ಇಲ್ಲ. ಅಲ್ತಾಯ್ ಪ್ರಾಂತದ ರುಬ್ತ್ಸೊವ್‌ಸ್ಕ್ ಇದಕ್ಕೆ ಒಪ್ಪಿದ ಮೊದಲ ಊರು. ಅಲ್ಲಿ ಕಂಪನಿಯೊಂದು ನಿಜವಾಗಿಯೂ ದುಡ್ಡು ಹಾಕಿತು, ಹಳೆಯ ಪೈಪುಗಳನ್ನು ಬದಲಿಸಿತು. ವ್ಯಂಗ್ಯ ಬರೆದು ಬದುಕುವವರಿಗೆ ಇದು ಶುದ್ಧ ನಷ್ಟದ ಸುದ್ದಿ.

ಆದರೂ ಆ ನಿಯಮಾವಳಿಯನ್ನು ನೋಡಿದರೆ ಮನಸ್ಸು ಹಗುರವಾಗುತ್ತದೆ. ಇಲ್ಲದ ಬಾಯ್ಲರ್ ಕಲ್ಲಿದ್ದಲು ತಿನ್ನುತ್ತದೋ ಗ್ಯಾಸ್ ಕುಡಿಯುತ್ತದೋ, ಅದು ನಿಂತ ಜಾಗದ ಬೆಲೆ ಎಷ್ಟು, ಅದರ ಸುತ್ತಲ ಹವಾಮಾನ ಎಂಥದು, ಅದನ್ನು ನೋಡಿಕೊಳ್ಳುವ ನೌಕರರ ಸಂಬಳ ಎಷ್ಟು, ಎಷ್ಟು ವರ್ಷದಲ್ಲಿ ಅದರ ಬಂಡವಾಳ ವಾಪಸ್ ಬರಬೇಕು, ಎಲ್ಲಕ್ಕೂ ಅಂಕಿ ಉಂಟು, ಸೂತ್ರ ಉಂಟು. ಇಷ್ಟು ಜತನದಿಂದ ಸರ್ಕಾರ ನೋಡಿಕೊಂಡ ಬಾಯ್ಲರ್ ಆ ದೇಶದಲ್ಲಿ ಇನ್ನೊಂದಿರಲಾರದು.